ಜಗಲಿಯ ಮೇಲಿನ ಕೆಂಪು ಮಣಿ, ಹಸಿರು ಮಣಿ

ಆ ಮಣಿಸರವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಸುಲೇಪೇಟದ ಮನೆಗೆ ತಂದ ದಿನ ನಾನು ನಡೆದೆನೋ ಓಡಿದೆನೋ ನೆನಪಿಲ್ಲ. ಆಗ ನಾವಿನ್ನೂ ಹೈದರಾಬಾದ್ ರಾಜ್ಯದವರು. ನನಗೆ ಇಪ್ಪತ್ತನಾಲ್ಕು ವರ್ಷ, ನಾಲ್ಕು ಮಕ್ಕಳು. ನಾಲ್ಕನೆಯ ಹೆರಿಗೆಯಲ್ಲಿ ಸತ್ತು ಬದುಕಿದ್ದೆ. ಇನ್ನೊಂದು ಬಸಿರು ನಿಂತರೆ ಜೀವ ಉಳಿಯುವುದಿಲ್ಲವೆಂದು ಡಾಕ್ಟರಮ್ಮ ಮುಖಕ್ಕೇ ಹೇಳಿದ್ದರು. ಅವರ ಜೊತೆಗಿದ್ದ ನರ್ಸಬಾಯಿ ಕೊಟ್ಟದ್ದೇ ಈ ಸರ. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ದಾಟಿಸಬೇಕು. ಕೆಂಪು ಮಣಿಯ ದಿನಗಳಲ್ಲಿ ಗಂಡನಿಂದ ದೂರ, ಹಸಿರಿಗೆ ಭಯವಿಲ್ಲ. ಔಷಧಿ ಇಲ್ಲ, ಕತ್ತರಿ ಇಲ್ಲ! ಇಷ್ಟು ಸುಲಭಕ್ಕೆ ಜೀವ ಉಳಿಯುತ್ತದೆಂದರೆ ಕುಣಿಯದೆ ಇರುವುದು ಹೇಗೆ?

ಆದರೆ ಇಡುವುದೆಲ್ಲಿ? ನಮ್ಮ ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಒಂದು ಸೂಜಿಯೂ ಉಳಿದದ್ದಿಲ್ಲ. ಮಕ್ಕಳು ಶಿವನ ಪ್ರಸಾದ, ಬೇಡವೆನ್ನುವುದು ಪಾಪ ಎಂದು ಸೋಮವಾರ ಭಿಕ್ಷೆಗೆ ಬರುವ ಅಯ್ಯನವರು ಒಮ್ಮೆ ಹೇಳಿದರೆ, ಅತ್ತೆ ಅದನ್ನೇ ವಾರವಿಡೀ ಹೇಳುವರು. ಕೊನೆಗೆ ದೇವರ ಜಗಲಿಯ ಪಕ್ಕದ ಮೊಳೆಗೇ ತೂಗುಹಾಕಿದೆ. ದೇವರ ಹತ್ತಿರದ ಮಣಿಸರವನ್ನು ಯಾರು ಏನೆಂದು ಕೇಳುತ್ತಾರೆ? ಗುರುತಿಗೆ ಆಯಾ ದಿನದ ಮಣಿಗೆ ಒಂದು ನೂಲೆಳೆ ಕಟ್ಟುತ್ತಿದ್ದೆ. ದಿನಗಳ ಎಣಿಕೆಯನ್ನು ಸರಕ್ಕೇ ಬಿಟ್ಟು, ನನ್ನ ಜಾಣತನಕ್ಕೆ ನಾನೇ ಬೀಗಿದ್ದೂ ಬೀಗಿದ್ದೇ.

ಒಂದು ಬೆಳಿಗ್ಗೆ ನೋಡುತ್ತೇನೆ, ಲಿಂಗಪೂಜೆ ಮುಗಿಸಿದ ಅತ್ತೆ ವಿಭೂತಿಯ ಬೆರಳಲ್ಲಿ ಅದೇ ಸರ ಹಿಡಿದು ಜಪ ಮಾಡುತ್ತಿದ್ದಾರೆ!

“ನಂದು ರುದ್ರಾಕ್ಷಿ ಸರ ಹರದದ. ವಾರದಿಂದ ಇದರ ಮ್ಯಾಲೇ ಜಪಾ ಮಾಡ್ಲಿಕತ್ತೀನಿ,” ಎಂದರು. “ನಡಕೊಂದು ನೂಲಿತ್ತು. ಬೆರಳಿಗಿ ತೊಡಕಂತ ಬಿಚ್ಚಿ, ಆಮ್ಯಾಲ ಕೈಗಿ ಸಿಕ್ಕ ಮಣಿಗಿ ಕಟ್ಟಿಡ್ತೀನಿ.”

ವಾರದಿಂದ! ನಾನು ಹಸಿರೆಂದು ನಂಬಿದ ದಿನ ಕೆಂಪಾಗಿದ್ದಿರಬಹುದು. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದು ಎಲ್ಲವನ್ನೂ ಬಾಯಿಬಿಟ್ಟೆ.

“ಶಿವನ ಮುಂದ ಇಂಥಾದ್ದು ತಂದಿಟ್ಟಿಯೇನ?” ಎಂದು ಗುಡುಗಿದರು. ಸರವನ್ನು ಬೀದಿಗೆ ಎಸೆಯುತ್ತಾರೆ ಅಂದುಕೊಂಡೆ. ಎಸೆಯಲಿಲ್ಲ. “ಡಾಕ್ಟರಬಾಯಿ ಏನಂದಾಳ?”

“ಇನ್ನೊಂದಾದ್ರ ನಾ ಉಳಿಯಲ್ಲಂತ.”

ಅತ್ತೆ ನನ್ನ ಮಕ್ಕಳತ್ತ ನೋಡಿದರು. ಎದ್ದು ಪಡಸಾಲೆಗೆ ಹೋಗಿ ಮಗನಿಗೆ, “ಇವತ್ತಿನಿಂದ ದುಕಾನದಾಗ ಮಲ್ಕೋ. ನಾ ಕರದಾಗ ಬಾ,” ಎಂದರು. ನನ್ನ ಗಂಡ ಕಾರಣ ಕೇಳಲೂ ಧೈರ್ಯ ಸಾಲದೆ ಹಾಸಿಗೆ ಸುತ್ತಿಕೊಂಡು ಹೋದರು.

ಆಮೇಲೆ ದಿನವೂ ಬೆಳಿಗ್ಗೆ ಅತ್ತೆ ನನ್ನ ಮುಖ ನೋಡುವರು, ನಾನು ಇನ್ನೂ ಇಲ್ಲವೆಂದು ತಲೆಯಾಡಿಸುವೆ. ಕಡೆಗೊಂದು ಮುಂಜಾನೆ ಬಚ್ಚಲಿನಿಂದಲೇ ಕೂಗಿದೆ: “ಅತ್ತೀ! ಮುಟ್ಟಾಗೀನಿ!” ಓಣಿಗೆಲ್ಲ ಕೇಳಿತೇನೋ. ಕೇಳಲಿ! ಅತ್ತೆ ನನ್ನನ್ನು ಅಪ್ಪಿಕೊಂಡು ಅತ್ತರು. ಸರ ತೊಳೆದು, ಮೊದಲ ಮಣಿಗೆ ನೂಲನ್ನು ತಾವೇ ಕಟ್ಟಿದರು. ಅಂದಿನಿಂದ ಎಣಿಕೆ ಅವರದೇ ಆಯಿತು.

ಒಂದು ಸೋಮವಾರ ಅಯ್ಯನವರು ದೇವರ ಜಗಲಿಯ ಮುಂದೆ ಕುಳಿತು, ಸರ ಹಿಡಿದು ನೂಲು ಬಿಚ್ಚುತ್ತಿದ್ದ ಅತ್ತೆಯನ್ನೇ ನೋಡುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

“ಇದೇನ್ ಜಪಾ ಯವ್ವಾ, ಒಂದೇ ಮಣಿ ದಾಟಸ್ತಿ?”

ಅತ್ತೆ ನೂಲನ್ನು ಮುಂದಿನ ಮಣಿಗೆ ಬಿಗಿಯಾಗಿ ಕಟ್ಟಿ ಹೇಳಿದರು: “ನನ್ನ ಸೊಸಿ ಬದಕ್ಲಿ ಅಂತ ಮಾಡೋ ಜಪಾ ರೀ ಅಪ್ಪಾರ.”