ಅಗ್ನಿನಕ್ಷತ್ರದಲ್ಲಿ ಕಂಬಳಿ

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ಇವತ್ತೂ ನಂಬುತ್ತೇನೆಂದು ಹೇಳಲಾರೆ. ತಮಿಳು ಸೀಮೆಯ ವೇದಸಂದೂರಿನ ನೂಲಿನ ಗಿರಣಿಯೊಂದರಲ್ಲಿ ಗಾಳಿಗೆ ತೇವ ಕೊಟ್ಟು ತಂಪು ಮಾಡುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಾಲ್‌ನಲ್ಲಿ ಬಿಸಿ ಏರಿ ತೇವ ಆರಿದರೆ ನೂಲು ತುಂಡಾಗುತ್ತದೆ. ಬಿಸಿ ಎಲ್ಲಿಂದ ಬಂತು ಎಂದು ಹುಡುಕುತ್ತಲೇ ನನಗೆ ವಯಸ್ಸಾಗಿದೆ. ಹಾಗಾಗಿ ಆ ಮಧ್ಯಾಹ್ನ ನಡೆದದ್ದನ್ನು ಹೇಳಲು ಸಂಕೋಚ. ನೀವು ನಗಬಹುದು, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಈಶ್ವರಿಗೆ ಲಿವರ್ ಕ್ಯಾನ್ಸರ್ ಆಯಿತು. ನೋವಿಗೆ ಇಂಜೆಕ್ಷನ್ ಕೊಡುವುದಷ್ಟೇ ಇನ್ನು ಉಳಿದಿರುವುದು ಎಂದರು ಡಾಕ್ಟರು. ಅದು ದಿನವೂ ಬೇಕು, ನಮ್ಮೂರು ಕೊಂಬೈಯಲ್ಲಿ ಸಿಗುತ್ತಿರಲಿಲ್ಲ. ದಿಂಡಿಗಲ್ಲಿನಲ್ಲಿ ಆಸ್ಪತ್ರೆಯ ಹತ್ತಿರ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದೆವು. ಅಷ್ಟರಲ್ಲಿ ಅಗ್ನಿನಕ್ಷತ್ರ ಶುರುವಾಯಿತು, ವರ್ಷದಲ್ಲೇ ಅತಿ ಕೆಟ್ಟ ಬಿಸಿಲು.

ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಸಂಜೆಯಿಂದ ಬೆಳಗಿನವರೆಗೆ ಅದನ್ನು ಮನೆಯೊಳಕ್ಕೆ ಬಿಡುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಯೇ ತಲೆಯ ಮೇಲೆ ಇಳಿಯುತ್ತದೆ. ತಾರಸಿಗೆ ಸುಣ್ಣ ಬಳಿದೆ, ತೆಂಗಿನ ಗರಿ ಹರಡಿ ನೀರು ಹೊಯ್ದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಕೂಲರ್ ತಂದರೆ ಅದರ ತೇವಕ್ಕೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಹಳೆಯ ವೈರಿಂಗ್ ತಡೆಯದೆಂದು ಮನೆಯೊಡತಿ ಏಸಿಗೆ ಒಪ್ಪಲಿಲ್ಲ. ಗಿರಣಿಯಿಂದ ತಂದು ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ಮಧ್ಯಾಹ್ನದ ಹೊತ್ತು ಮೂವತ್ತೆಂಟರಿಂದ ಕೆಳಗಿಳಿಯಲೇ ಇಲ್ಲ. ಗಿರಣಿಯ ಅಷ್ಟು ದೊಡ್ಡ ಹಾಲ್ ತಂಪಾಗಿಡುವವನಿಂದ ಒಂದು ಕೋಣೆಯನ್ನು ತಂಪು ಮಾಡಲಾಗಲಿಲ್ಲ. ಈಶ್ವರಿ ಮೊದಮೊದಲು ನನ್ನ ಓಡಾಟವನ್ನು ನೋಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ಮೈ ಉರಿಯುತ್ತದೆ ಎನ್ನುವುದನ್ನೂ ಬಿಟ್ಟಳು.

ಆ ದಿನ ಊಟದ ಹೊತ್ತು ದಾಟಿತ್ತು. ಗಂಜಿ ಆರಿಸಿಕೊಂಡು ಕೋಣೆಗೆ ಬಂದವನು ಹೊಸ್ತಿಲಲ್ಲೇ ನಿಂತೆ. ಒಳಗೆ ಮಾರ್ಗಳಿ ತಿಂಗಳ ಬೆಳಗಿನಂಥ ಚಳಿ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಕಿಟಕಿಯ ಗೋಣಿ ಒಣಗಿ ಗರಿಗರಿಯಾಗಿತ್ತು. ಥರ್ಮಾಮೀಟರ್ ಇಪ್ಪತ್ತೊಂದು ತೋರಿಸುತ್ತಿತ್ತು. ಬೆರಳಿನಿಂದ ತಟ್ಟಿದೆ, ಕದಲಲಿಲ್ಲ.

ಈಶ್ವರಿ ನನ್ನ ಕಡೆಗೆ ತಿರುಗಿ ಮಲಗಿದ್ದಳು. ತೋಳಿನ ರೋಮ ನೆಟ್ಟಗಾಗಿತ್ತು.

“ಮಾವಾ, ನಿಮಗೂ ಕುಳಿರತದಾ?” ಎಂದಳು. ಚಳಿಯಾಗುತ್ತಿದೆಯೇ ಎಂದು ನಮ್ಮ ಮನೆಮಾತಿನ ಕನ್ನಡದಲ್ಲಿ ಕೇಳುವುದು ಹಾಗೆ, ಗಂಡನನ್ನು ಕರೆಯುವುದೂ ಮಾವ ಎಂದೇ.

“ಹೂಂ, ಕುಳಿರತದೆ,” ಎಂದೆ.

“ಅಂಗಾದ್ರೆ ನಂಗೊಬ್ಳಿಗೇ ಅಲ್ಲ. ಕಂಬ್ಳಿ ಹೊದಿಸಿ.”

ಪೆಟ್ಟಿಗೆಯ ತಳದಿಂದ ಕಂಬಳಿ ತೆಗೆದು ಹೊದಿಸಿದೆ. ಸ್ಟೂಲ್ ಹತ್ತಿ ಚಾವಣಿ ಮುಟ್ಟಿದರೆ ಕೈ ಚುರ್ ಎಂದಿತು. ಹೊರಗಿನ ಹಜಾರ ಎಂದಿನಂತೆ ಕಾದಿತ್ತು. ತಾರಸಿಗೆ ಓಡಿದೆ, ಅಂಗಾಲು ಸುಟ್ಟಿತು. ಮತ್ತೆ ಒಳಗೆ ಬಂದರೆ ಅದೇ ಚಳಿ. ಅಷ್ಟರಲ್ಲಿ ಬಾಡಿಗೆ ವಿಷಯಕ್ಕೋ ಏನೋ ಮನೆಯೊಡತಿ ಮೇಲೆ ಬಂದರು. ಕೋಣೆಯೊಳಗೆ ಇಣುಕಿದವರೇ ತಮಿಳಿನಲ್ಲಿ, ನನಗೆ ಹೇಳದೆ ಏಸಿ ಹಾಕಿಸಿದಿರಾ ಎಂದು ದನಿ ಏರಿಸಿದರು. ಸುತ್ತ ನೋಡಿದರು. ಆಮೇಲೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡು, ಬಂದ ಕೆಲಸ ಹೇಳದೆಯೇ ಇಳಿದು ಹೋದರು.

ಈಶ್ವರಿ ಗಂಜಿ ಪೂರ್ತಿ ಕುಡಿದಳು. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಬಿಸಿ ಮೆಲ್ಲಗೆ ವಾಪಸು ಬಂತು. ನನಗೆ ಹುಚ್ಚು ಆಸೆ ಹುಟ್ಟಿತ್ತು, ಮುಚ್ಚಿಡುವುದೇಕೆ? ಮರುದಿನ ಡಾಕ್ಟರಿಗೆ, ಊಟ ಸೇರುತ್ತಿದೆ, ನಿದ್ದೆ ಬಂತು ಎಂದೆಲ್ಲ ಹೇಳಿದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಏನೂ ಬದಲಾಗಿಲ್ಲ ಎಂದರು. ಆ ವಾರ ಕಳೆಯುವುದರೊಳಗೆ ಅವಳು ತೀರಿಕೊಂಡಳು, ಅದೇ ಕೋಣೆಯಲ್ಲಿ, ಬೆವರಿನಲ್ಲಿ ನೆನೆದು.

ಥರ್ಮಾಮೀಟರನ್ನು ಗಿರಣಿಯಲ್ಲಿ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ದುಃಖದಲ್ಲಿ ಮನಸ್ಸು ಏನೇನೋ ಕಾಣುತ್ತದೆ ಎಂದರು ಜೊತೆಯವರು. ನನ್ನ ಮನಸ್ಸು ಹಾಗೆ ಕಂಡಿತೆನ್ನೋಣ, ಮನೆಯೊಡತಿಯ ಮನಸ್ಸು? ಅವರನ್ನು ಕೇಳಿದರೆ, ಆ ಮಾತು ಎತ್ತಬೇಡಿ ಸಾರ್ ಎನ್ನುತ್ತಾರೆ. ಮುಂದಿನ ಅಗ್ನಿನಕ್ಷತ್ರದವರೆಗೂ ಆ ಮನೆ ಬಿಡಲಿಲ್ಲ. ರಜೆ ಹಾಕಿ ಮಧ್ಯಾಹ್ನಗಳಲ್ಲಿ ಒಬ್ಬನೇ ಆ ಕೋಣೆಯಲ್ಲಿ ಕೂತೆ. ಬೆಂದೆ, ಅಷ್ಟೆ.

ಆ ಚಳಿ ಎಲ್ಲಿಂದ ಬಂತೋ ಗೊತ್ತಿಲ್ಲ. ಅವಳನ್ನು ಉಳಿಸುವುದಕ್ಕಂತೂ ಬರಲಿಲ್ಲ. ಹಾಗಾದರೆ ಯಾಕೆ ಬಂತು ಎಂದು ಕೇಳಿಕೊಳ್ಳುವುದನ್ನು ನಿಲ್ಲಿಸಲು ನನ್ನಿಂದ ಇನ್ನೂ ಆಗಿಲ್ಲ.