ಒಂದೂ ಸಾಯದ ಶೇಂಗಾ ಸಸಿಗಳು

ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಸಸಿಗಳ ಬಾಟಲಿ ನೋಡಿಕೊಳ್ಳುತ್ತಿದ್ದ ಕಾಕಾ ಹೋದ ತಿಂಗಳು ತೀರಿಕೊಂಡರು. ಕಲಬುರಗಿ ಕಡೆಯವರು. ಯಾವ ಬಾಟಲಿ ಎತ್ತಿದರೂ ಬೆಳಕಿಗೆ ಹಿಡಿದು, "ಪಾಪ, ಎಷ್ಟ್ ಸಣ್ಣದದ ನೋಡು" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಶೇಂಗಾ ಬೀಜದ ಭ್ರೂಣ ಬಿಡಿಸಿ, ಅದಕ್ಕೆ ಹೊಸ ಜೀನ್ ಸೇರಿಸಿ, ಸಸಿ ಬೆಳೆಸುತ್ತಿದ್ದೆವು. ಆಮೇಲೆ ಅವನ್ನು ಔಷಧಿ ಬೆರೆಸಿದ ಬಾಟಲಿಯಲ್ಲಿ ಇಡಬೇಕು. ಜೀನ್ ಸೇರಿದ್ದು ಹಸಿರಾಗಿ ಉಳಿಯುತ್ತದೆ, ಸೇರದ್ದು ಬೆಳ್ಳಗಾಗಿ ಸಾಯುತ್ತದೆ. ಒಂದೆರಡು ಉಳಿದರೂ ನಮಗೆ ಹಬ್ಬ.

ಒಂದು ಸಲ ಒಂದೂ ಸಾಯಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರಾದ ಮರಾಠಿ ಸಾಹೇಬರು ಪೇಢೆ ತರಿಸಿದರು. ಕಾಕಾ ಎರಡು ಪೇಢೆ ತಿಂದು ನನ್ನನ್ನು ಮೂಲೆಗೆ ಕರೆದರು.

"ತಂಗಿ, ಬೆಳ್ಳಗಾಗಲಿಕ್ಕತ್ತಿದ್ದನ್ನೆಲ್ಲಾ ಔಷಧಿ ಇಲ್ಲದ ಬಾಟ್ಲಿಗೆ ಹಾಕೀನಿ. ಸಾಯೂದು ನೋಡ್ಕೋತ ಹ್ಯಾಂಗ ಕೂಡ್ಲಿ?"

"ಕಾಕಾ, ಅವು ಸಾಯಬೇಕಿತ್ತರಿ!"

"ಸಾಹೇಬ್ರಿಗೆ ನೀನ ಹೇಳು. ನನಗ ಅಷ್ಟು ಮರಾಠಿ ಬರೂದಿಲ್ಲ."

ಇಪ್ಪತ್ತು ವರ್ಷ ಪುಣೆಯಲ್ಲಿದ್ದವರ ಮಾತಿದು.

ನಾನೇ ಹೋಗಿ ಹೇಳಿದೆ. ಬಾಟಲಿಗಳೆಲ್ಲ ಕಲೆತುಹೋಗಿ, ಯಾವುದಕ್ಕೆ ಜೀನ್ ಸೇರಿದೆ ಎಂದು ಗೊತ್ತಾಗದೆ ಎಲ್ಲವನ್ನೂ ನಿಯಮದಂತೆ ಕುದಿಸಿ ಚೆಲ್ಲಿದೆವು. ಆರು ತಿಂಗಳ ಕೆಲಸ ಹೋಯಿತು. ಕಾಕಾರ ನೌಕರಿಯೂ ಹೋಗುತ್ತದೆಂದು ನಾನು ಹೆದರಿದ್ದೆ. ಸಾಹೇಬರು ಔಷಧಿ ಬಾಟಲಿಗಳ ಕಪಾಟಿನ ಹತ್ತಿರ ಸುಳಿಯಬಾರದೆಂದರು, ಅಷ್ಟೇ.

ಅಂದಿನಿಂದ ನಾನು ಸತ್ತ ಸಸಿ ಎಣಿಸಿ ಬರುವಾಗ ಕಾಕಾ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಇವತ್ತ ಎಷ್ಟು ಹೋದ್ವು?"

ವಹಿಯಲ್ಲಿ ಸರಿಯಾಗಿ ಬರೆಯುತ್ತಿದ್ದೆ. ಕಾಕಾರಿಗೆ ಮಾತ್ರ ಅರ್ಧದಷ್ಟೇ ಹೇಳುತ್ತಿದ್ದೆ.