ಮೈಲಿಗೆಯಾಗದ ಹೆರಿಗೆ ವಾರ್ಡು

ನಿಜಾಮರ ಆಡಳಿತ ಹೋದ ಹೊಸದರಲ್ಲಿ ಮೈಸೂರಿನಿಂದ ಶಹಾಪುರಕ್ಕೆ ನರ್ಸಾಗಿ ಬಂದವಳು ನಾನು. ಮುದುಕಿಯಾದರೂ ಇಲ್ಲೇ ಇದ್ದೇನೆ. ಆಗ ಹತ್ತಿ ಗಿರಣಿಯ ಸಾಹುಕಾರರೂ ಸರ್ಕಾರವೂ ಕೂಡಿ ಹೆರಿಗೆ ವಾರ್ಡು ಮಾಡಿದರು. ಕಟ್ಟಡ ಸಾಹುಕಾರರದು; ಮಂಚ, ಔಷಧಿ, ನಾನು ಸರ್ಕಾರದ ಪಾಲು.

ಉದ್ಘಾಟನೆಗೆ ಎರಡು ದಿನ ಮೊದಲು ಗಿರಣಿಯಲ್ಲಿ ಹತ್ತಿ ಆರಿಸುವ ಹೆಂಗಸೊಬ್ಬಳಿಗೆ ನೋವು ಬಂತು. ಅವಳ ಅತ್ತೆ ಅವಳನ್ನು ಹಿಡಿದುಕೊಂಡು ವಾರ್ಡಿಗೆ ಕರೆತಂದಳು. ಬಾಗಿಲಿಗೆ ಬೀಗ. ಬೀಗದ ಕೈ ಸಾಹುಕಾರರ ಲೆಕ್ಕ ಬರೆಯುವ ಮುನೀಮನ ಸೊಂಟದಲ್ಲಿ.

“ಸೋಮವಾರ ಪೂಜಾ ಐತ್ರಿ ನರ್ಸಮ್ಮ. ಅದಕ್ಕಿಂತ ಮದಲ ಒಳಗ ಹಡದ್ರ ಮನಿ ಮೈಲಿಗಿ ಆಗತೈತಿ ಅಂದಾರ ಸಾವ್ಕಾರ್ರು,” ಎಂದ ಅವನು.

“ಹೆರಿಗೆ ವಾರ್ಡಿನಲ್ಲಿ ಹೆತ್ತರೆ ಮೈಲಿಗೆಯೇನಪ್ಪ?” ಎಂದೆ. ಅವನು ಕದಲಲಿಲ್ಲ. ಸರ್ಕಾರದ ಕಡೆಯ ವೈದ್ಯಾಧಿಕಾರಿ, ನಮ್ಮ ಸಾಹೇಬರ ಬಳಿ ಓಡಿದೆ. ಕಟ್ಟಡ ಇನ್ನೂ ಸರ್ಕಾರದ ಕೈಗೆ ಬಂದಿಲ್ಲ, ತಾವೇನೂ ಹೇಳುವಂತಿಲ್ಲ ಎಂದರು.

ನಾನು ಮರಳಿದಾಗ ಅತ್ತೆ ಮುನೀಮನಿಗೆ, “ಕೂಸಿಗಿ ಸೋಮವಾರ ಬಾ ಅಂತ ನೀನ ಹೇಳೋ ಯಪ್ಪಾ,” ಅನ್ನುತ್ತಿದ್ದಳು. ಕೂಸು ಕಾಯಲಿಲ್ಲ. ಜಗುಲಿಯ ಮೇಲೆ, ಸೀರೆಯ ಮರೆಯಲ್ಲಿ ಹುಟ್ಟಿತು. ರಕ್ತ ನಿಲ್ಲಿಸುವ ಔಷಧಿ ಬೀಗದೊಳಗಿತ್ತು. ತಾಯಿ ಉಳಿದದ್ದೇ ಹೆಚ್ಚು.

ಸೋಮವಾರದ ಭಾಷಣದಲ್ಲಿ ಸಾಹೇಬರೂ ಸಾಹುಕಾರರೂ ಆ ಕೂಸನ್ನೇ ತಮ್ಮ ಸಹಕಾರದ ಮೊದಲ ಫಲವೆಂದರು. ಫೋಟೋಗಾಗಿ ಬಾಣಂತಿಯನ್ನು ಕರೆತಂದು ಮಂಚದ ಮೇಲೆ ಮಲಗಿಸಲು ಹೇಳಿಕಳಿಸಿದರು. ಅತ್ತೆ ಒಬ್ಬಳೇ ಬಂದು ಮೆಟ್ಟಿಲ ಕೆಳಗೆ ನಿಂತಳು.

“ಹಡದು ಇನ್ನಾ ಐದ ದಿನ ಆಗಿಲ್ರಿ ಸಾವ್ಕಾರ್ರ, ನಮಗ ಮೈಲಿಗಿ. ನಿಮ್ಮ ಹೊಸ ಮನಿ ಕೆಟ್ಟೀತು!”

ಕೊನೆಗೆ ಖಾಲಿ ಮಂಚದ ಆಚೀಚೆ ಅವರಿಬ್ಬರೇ ನಿಂತು ಫೋಟೋ ತೆಗೆಸಿಕೊಂಡರು. ಅಷ್ಟು ಮಡಿಯಾದ ಹೆರಿಗೆ ವಾರ್ಡನ್ನು ನಾನು ಮತ್ತೆಲ್ಲೂ ಕಂಡಿಲ್ಲ.